ಮೂವರು ಗುಲಾಬಿಗಳಿಗೆ ಒಂದು ಚೀಟಿ

ಮದುವೆಯಾಗಿ ಎರಡು ವರ್ಷವಾಯಿತು, ನನ್ನ ಮಾವ ನನ್ನನ್ನು ಇನ್ನೂ ಬಹುವಚನದಲ್ಲೇ ಇಟ್ಟಿದ್ದಾರೆ.

ಕೇಳಿದವರಿಗೆ ಇದು ದೂರು ಅನ್ನಿಸುವುದಿಲ್ಲ. ‘ನೀವು’ ಅನ್ನಿಸಿಕೊಳ್ಳಲು ಜನ ಏನೆಲ್ಲ ಮಾಡುತ್ತಾರೆ; ಕೋಟು ಹೊಲಿಸುತ್ತಾರೆ, ಮೀಸೆ ಬಿಡುತ್ತಾರೆ, ಸಾಲ ಮಾಡಿ ಕಾರು ಕೊಳ್ಳುತ್ತಾರೆ. ನನಗೆ ಇದ್ಯಾವುದೂ ಇಲ್ಲದೆ ಸಿಕ್ಕಿದೆ. ಸಿಕ್ಕಿದ್ದು ಬರೀ ‘ನೀವು’ ಕೂಡ ಅಲ್ಲ, ‘ತಾವು’. “ತಾವು ಕೂತ್ಕೋಬೇಕು.” “ತಾವು ಇನ್ನೊಂದು ಲೋಟ ನೀರು ತಗೋಬೇಕು.” ಆ ‘ತಾವು’ ಬಂದ ಕೂಡಲೇ ನಮ್ಮಿಬ್ಬರ ನಡುವೆ ಒಂದು ಕಟಕಟೆಯೂ, ಅದರ ಮೇಲೊಂದು ಕಿಟಕಿಯೂ ಎದ್ದು ನಿಲ್ಲುತ್ತವೆ. (ಮಾವ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಕಿಟಕಿಯಾಚೆ ನಿಂತವರನ್ನು ಮಾತ್ರೆ ಕೊಟ್ಟು ಮರ್ಯಾದೆಯಾಗಿ ಸಾಗಹಾಕಿದ ಅಭ್ಯಾಸ.)

ಹಾಗೆಂದು ಅವರು ಏಕವಚನಕ್ಕೆ ಬಡವರೇನಲ್ಲ. ಹಾಲು ಹಾಕುವವನಿಗೆ ಏಕವಚನ. ಪಕ್ಕದ ಮನೆಯ ಬೆಕ್ಕಿಗೆ ಏಕವಚನ. ದೇವರಿಗೂ ಏಕವಚನವೇ. ಎಲ್ಲಕ್ಕಿಂತ ಹೆಚ್ಚಾಗಿ ಅವರ ಮೂವರು ಗುಲಾಬಿಗಳಿಗೆ.

‘ಮೂರು ಗುಲಾಬಿ’ ಎಂದು ಬರೆಯಬೇಕಿತ್ತು. ಅಷ್ಟು ವ್ಯಾಕರಣ ನನಗೂ ಗೊತ್ತು. ಆದರೆ ಆ ಮನೆಯಲ್ಲಿ ಅವರು ಮೂವರೇ. ಆಸ್ಪತ್ರೆಯ ಹಳೆಯ ಕಟ್ಟಡವನ್ನು ಕೆಡವುವ ಹಿಂದಿನ ದಿನ ಮಾವ ಅದರ ಅಂಗಳದ ಗುಲಾಬಿಯಿಂದ ಮೂರು ಕಡ್ಡಿ ಮುರಿದು ತಂದು ಕುಂಡಗಳಲ್ಲಿ ನೆಟ್ಟರು. ಈಗ ಆ ಅಂಗಳವೂ ಇಲ್ಲ, ತಾಯಿಗಿಡವೂ ಇಲ್ಲ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಕಣ್ಣಿಗೆ ಕಾಣುವಂತೆ ಉಳಿದದ್ದು ಈ ಮೂವರು: ದೊಡ್ಡವನು, ನಡುವಿನವನು, ಚಿಕ್ಕವನು. “ಅಪ್ಪನಿಗೆ ನಾನೊಬ್ಬಳೇ ಮಗಳು,” ಎನ್ನುತ್ತಾಳೆ ನನ್ನ ಹೆಂಡತಿ, “ಗಂಡುಮಕ್ಕಳು ಮೂರು ಜನ.” ಬೆಳಿಗ್ಗೆ ಮಾವ ಕುಂಡದ ಮುಂದೆ ಕುಕ್ಕುರುಗಾಲಲ್ಲಿ ಕೂತು, “ಏನೋ ಮಗನೇ, ರಾತ್ರಿ ಚಳಿ ಆಯ್ತೇನೋ?” ಎಂದು ಕೇಳುವ ದನಿ ಕೇಳಿದರೆ ಕಲ್ಲಿಗೂ ಗಿಡವಾಗುವ ಆಸೆ ಹುಟ್ಟಬೇಕು. ನನಗಂತೂ ಹುಟ್ಟಿತ್ತು.

ಹೆಂಡತಿಯ ಹತ್ತಿರ ಹೇಳಿಕೊಂಡೆ. ಅವಳಿಗೆ ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಊರಿನವರ ಬೈಗುಳವನ್ನೆಲ್ಲ ತಂಪಾಗಿ ಕೇಳಿ, ಅದೇ ತಂಪಿನೊಂದಿಗೆ ಮನೆಗೆ ಬರುತ್ತಾಳೆ.

“ಅಪ್ಪ ಗೌರವ ಕೊಟ್ರೆ ನಿಮಗೆ ನೋವಾಗುತ್ತಾ?”

“ಗೌರವ ಅಲ್ಲ ಕಣೇ ಅದು, ದೂರ. ಒಂದೇ ಒಂದು ಸಲ ‘ಬಾರೋ’ ಅನ್ನಲಿ. ನಾನೂ ಈ ಮನೆಯವನು ಅಂತ ಆಗ ಅನ್ನಿಸುತ್ತೆ.”

“ನಿಮ್ಮ ದೂರು ದಾಖಲಾಗಿದೆ. ಬೇರೇನಾದ್ರೂ ಸಹಾಯ ಬೇಕಾ?”

ಸಹಾಯ ದೇವರಿಂದಲೇ ಬಂತು, ಅತ್ತೆಯವರ ಕಣ್ಣಿನ ಪೊರೆಯ ರೂಪದಲ್ಲಿ. ಅದನ್ನು ತೆಗೆಸುವುದಾದರೆ ತಮ್ಮ ಹಳೆಯ ಡಾಕ್ಟರ ಕೈಯಲ್ಲೇ ಎಂದು ಮಾವ ಹಟ ಹಿಡಿದರು. ಆ ಡಾಕ್ಟರು ಈಗ ಬೇರೆ ಊರಿನಲ್ಲಿದ್ದರು. ಹೋಗಿ, ಮಾಡಿಸಿ, ವಿಶ್ರಾಂತಿ ಪಡೆದು ಬರುವುದಕ್ಕೆ ಮೂರು ವಾರ. ಅಷ್ಟು ದಿನ ಮೂವರನ್ನು ಯಾರು ನೋಡಿಕೊಳ್ಳಬೇಕು?

“ನಾನಿದ್ದೇನಲ್ಲ ಮಾವ,” ಎಂದೆ.

ಮಾವ ನನ್ನನ್ನು ತುಸು ಹೊತ್ತು ನೋಡಿದರು. ರಕ್ತ ಕೊಡಲು ಬಂದವನ ತೂಕ ಕಣ್ಣಲ್ಲೇ ಅಳೆಯುವವರಂತೆ ನೋಡಿದರು. “ತಮಗೆ ತೊಂದರೆ,” ಎಂದರು. ತೊಂದರೆ ಯಾರಿಗೆಂದು ಅವರಿಗೂ ಆಗ ತಿಳಿದಿರಲಿಲ್ಲ.

ಹೊರಡುವ ದಿನ ಮೂವರು ಗೂಡ್ಸ್ ಆಟೋದಲ್ಲಿ ನಮ್ಮ ಮನೆಗೆ ಬಂದರು. ಮಾವ ಡ್ರೈವರ್ ಪಕ್ಕ ಕೂರದೆ ಹಿಂದುಗಡೆ ಕುಂಡಗಳ ನಡುವೆ ನಿಂತು, ಒಂದೊಂದು ಉಬ್ಬಿಗೂ “ಹುಷಾರೋ, ಹುಷಾರೋ” ಎನ್ನುತ್ತ ಬಂದರು. (ಡ್ರೈವರ್ ತನಗೇ ಹೇಳುತ್ತಿದ್ದಾರೆಂದು ಎರಡು ಸಲ “ಸರಿ ಸಾರ್” ಅಂದನಂತೆ.) ನಮ್ಮ ಹಿತ್ತಲು ಹಾಸಿದರೆ ಒಂದು ಹೊದಿಕೆಯಷ್ಟು. ಅಡುಗೆಮನೆಯ ಬಾಗಿಲಿನಿಂದ ಇಳಿಯುವ ಮೆಟ್ಟಿಲ ಪಕ್ಕ ಮೂವರನ್ನೂ ಸಾಲಾಗಿ ನಿಲ್ಲಿಸಿದರು. ಆಮೇಲೆ ಜೇಬಿನಿಂದ ಒಂದು ಚೀಟಿಯನ್ನೂ, ಚೀಲದಿಂದ ಒಂದು ಕಂದು ಬಣ್ಣದ ಬಾಟಲಿಯನ್ನೂ ತೆಗೆದರು. ಬಾಟಲಿಯಲ್ಲಿ ಹರಳು ಗೊಬ್ಬರ. ಮೇಲೆ ಅಂಟಿಸಿದ ಕಾಗದದಲ್ಲಿ ಅವರ ಕೈಬರಹ: ‘ಹೊರ ಉಪಯೋಗಕ್ಕೆ ಮಾತ್ರ.’

“ನೀರು ದಿನಾ ಕೊಡ್ಬೇಕು. ಗೊಬ್ಬರದ ವಿವರ ಎಲ್ಲಾ ಇದರಲ್ಲಿದೆ. ತಮ್ಮ ಕೈಗೇ ಕೊಡ್ತಾ ಇದೀನಿ. ಇವಳಿಗೆ ಕೊಟ್ರೆ ಎಲ್ಲೋ ಇಟ್ಟು ಮರೀತಾಳೆ.”

ಮಗಳನ್ನು ದಾಟಿ ನನ್ನ ಕೈಗೆ! ನನ್ನ ಎದೆ ಎರಡಂಗುಲ ಅಗಲವಾಯಿತು. ಹೆಂಡತಿ ಅದನ್ನು ನೋಡಿಯೇ ಬಿಟ್ಟಳು. ಅಪ್ಪ ಅಮ್ಮನನ್ನು ಕಳಿಸಿ ಒಳಗೆ ಬಂದವಳೇ, “ನೋಡ್ತಾ ಇರಿ, ನಾಡಿದ್ದು ಹೊತ್ತಿಗೆ ‘ಇದೇನು ಸ್ವಲ್ಪ ನೋಡೇ’ ಅಂತ ನನ್ನ ಹತ್ರಾನೇ ಬರ್ತೀರ. ಅಪ್ಪನ ಬರಹ ಓದೋದಕ್ಕೆ ಇಡೀ ಆಸ್ಪತ್ರೆಗೆ ಒಬ್ಬರೇ ಇದ್ರು, ಅದೂ ಅಪ್ಪಾನೇ” ಎಂದಳು.

“ಬಂದರೆ ನನ್ನ ಹೆಸರು ಬದಲಾಯಿಸು,” ಎಂದು ಚೀಟಿಯನ್ನು ಅಂಗಿಯ ಜೇಬಿಗೆ ಇಳಿಸಿ, ಹಿತ್ತಲಿಗೆ ಹೋಗಿ ಒಬ್ಬನೇ ಬಿಚ್ಚಿ ಓದಿದೆ. ಅದರಲ್ಲಿ ಇದ್ದದ್ದು ಇಷ್ಟು:

ಗುಲಾಬಿ. ಹರಳು ಗೊಬ್ಬರ 1 ಚಮಚ, ನೀರಿನಲ್ಲಿ ಕರಗಿಸಿ. 1-0-1. × 3.

ಓದುಗರೇ, ನಿಮಗೆ ಈಗಲೇ ಅರ್ಥವಾಗಿದೆ. ಮನೆಯಲ್ಲಿ ಯಾರಿಗಾದರೂ ಒಮ್ಮೆ ಕೆಮ್ಮು ಬಂದಿದ್ದರೂ ಅರ್ಥವಾಗುತ್ತದೆ. ನನಗೂ ಕೆಮ್ಮು ಬಂದಿದೆ, ನಾನೂ ಇಂಥ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಿದ್ದೇನೆ. ಆದರೆ ಅದು ಮನುಷ್ಯನ ಚೀಟಿ. ಇದು ಗಿಡದ್ದು. ಅದಕ್ಕಿಂತ ಹೆಚ್ಚಾಗಿ, ನಾನು ಗೋದಾಮಿನಲ್ಲಿ ಕೆಲಸ ಮಾಡುವವನು. ನೀರೆತ್ತುವ ಪಂಪುಗಳ ಬಿಡಿಭಾಗ ಇಡುವ ಗೋದಾಮು ಅದು. ಪ್ರತಿ ಭಾಗಕ್ಕೂ ಅಕ್ಕಪಕ್ಕ ಮೂರು ಪೆಟ್ಟಿಗೆ. ಬೆಳಿಗ್ಗೆ ಮೇಲಿನಿಂದ ಚೀಟಿ ಬರುತ್ತದೆ: 1-0-1. ಅಂದರೆ ಮೊದಲ ಪೆಟ್ಟಿಗೆಗೆ ಒಂದು ಹಾಕು, ನಡುವಿನದಕ್ಕೆ ಬೇಡ, ಕೊನೆಯದಕ್ಕೆ ಒಂದು ಹಾಕು. × 3 ಎಂದರೆ ಒಟ್ಟು ಪೆಟ್ಟಿಗೆ ಮೂರು. ಇದನ್ನು ನಾನು ದಿನಕ್ಕೆ ನೂರು ಸಲ, ಐದು ವರ್ಷದಿಂದ, ಒಂದೂ ತಪ್ಪಿಲ್ಲದೆ ಮಾಡಿದ್ದೇನೆ. ಕಳೆದ ವರ್ಷ ಅದಕ್ಕಾಗಿ ಒಂದು ಗೋಡೆ ಗಡಿಯಾರ ಕೂಡ ಕೊಟ್ಟಿದ್ದಾರೆ.

ಮೆಟ್ಟಿಲ ಪಕ್ಕ ನೋಡಿದೆ. ಮೂರು ಕುಂಡ. ಸಾಲಾಗಿ. ಇದಕ್ಕಿಂತ ಸ್ಪಷ್ಟವಾದ ಚೀಟಿಯನ್ನು ನನ್ನ ವೃತ್ತಿಜೀವನದಲ್ಲೇ ನಾನು ಕಂಡಿರಲಿಲ್ಲ.

ದೊಡ್ಡವನಿಗೆ ಒಂದು ಚಮಚ, ಚಿಕ್ಕವನಿಗೆ ಒಂದು ಚಮಚ, ನಡುವಿನವನಿಗೆ ಸೊನ್ನೆ. ಎಷ್ಟು ದಿನ ಎಂದು ಬರೆದಿರಲಿಲ್ಲವಾದ್ದರಿಂದ ಪ್ರತಿದಿನ ಎಂದೇ ಅರ್ಥ. ಊಟಕ್ಕೆ ಯಾರಾದರೂ ಕೊನೆಯ ದಿನಾಂಕ ಬರೆಯುತ್ತಾರೆಯೇ?

“ನಡುವಿನದಕ್ಕೆ ಯಾಕೆ ಹಾಕ್ಲಿಲ್ಲ?” ಅಡುಗೆಮನೆ ಕಿಟಕಿಯಿಂದ ಹೆಂಡತಿಯ ತನಿಖೆ.

“ಅವನಿಗೆ ಪಥ್ಯ.”

“ಗಿಡಕ್ಕಾ?”

“ನಿಮ್ಮಪ್ಪ ಕಾಂಪೌಂಡರೋ, ನೀನೋ?”

ನಡುವಿನವನ ಮೇಲೆ ನನಗೆ ಮರುಕವಿತ್ತು. ಅಣ್ಣನೂ ತಮ್ಮನೂ ಪಕ್ಕದಲ್ಲೇ ಚಪ್ಪರಿಸುತ್ತಿದ್ದರೆ ಅವನು ಬರೀ ನೀರು ಕುಡಿದು ನಿಂತಿರುತ್ತಿದ್ದ. ಒಂದೆರಡು ಸಲ ಕೈ ಜಾರಿದಂತೆ ಮಾಡಿ ನಾಲ್ಕು ಹರಳು ಹಾಕಿಬಿಡೋಣವೇ ಅನ್ನಿಸಿತು. ಆದರೆ ಮಾವನವರ ಸೊನ್ನೆಯನ್ನು ಮೀರುವ ಧೈರ್ಯ ಬರಲಿಲ್ಲ. “ತಡಕೋ,” ಎಂದೆ ಅವನಿಗೆ. “ಈ ಮನೆಯಲ್ಲಿ ಕಾಯಬೇಕಾದವರು ನಾವಿಬ್ಬರಿದ್ದೇವೆ.”

ಮಾವ ಪ್ರತಿದಿನ ಸಂಜೆ ಫೋನು ಮಾಡುತ್ತಿದ್ದರು. ಮೊದಲ ಅರ್ಧ ನಿಮಿಷ ಅತ್ತೆಯವರ ಕಣ್ಣು, ಉಳಿದದ್ದು ಹಿತ್ತಲು.

“ಮೂವರೂ ಹೇಗಿದಾರೆ?”

“ಚೆನ್ನಾಗಿದ್ದಾರೆ ಮಾವ. ಚೆನ್ನಾಗಿ ತಿಂತಾ ಇದ್ದಾರೆ.”

“ತಾವು ತಪ್ಪು ತಿಳೀಬಾರದು... ಫೋನು ಸ್ವಲ್ಪ ಅವರ ಹತ್ರ ಹಿಡಿಯೋಕೆ ಆಗುತ್ತಾ?”

ನಾನು ಮೆಟ್ಟಿಲಿಳಿದು ಬಗ್ಗಿ, ಒಂದೊಂದು ಕುಂಡದ ಮುಂದೂ ಫೋನು ಹಿಡಿಯುತ್ತಿದ್ದೆ. “ಏನ್ರೋ, ತಂಟೆ ಮಾಡ್ತಿಲ್ಲ ತಾನೆ? ನಾನು ಬಂದ್ಬಿಡ್ತೀನಿ ಕಣ್ರೋ.” ಸೊಂಟ ನನ್ನದು, ಫೋನು ನನ್ನದು, ಮಾತು ಅವರದು. ಮುಗಿದ ಮೇಲೆ ಫೋನಿನೊಳಗಿನಿಂದ, “ತಮಗೆ ತುಂಬಾ ಉಪಕಾರ ಆಯ್ತು,” ಎಂದು ಬರುತ್ತಿತ್ತು.

ಮೊದಲ ವಾರ ದೊಡ್ಡವನೂ ಚಿಕ್ಕವನೂ ಹಸಿರು ಕಕ್ಕಿದರು. ಎಲೆಗಳು ಎಣ್ಣೆ ಹಚ್ಚಿದಂತೆ ಮಿನುಗಿದವು. ನಾನು ಹೆಂಡತಿಯನ್ನು ಕರೆದು ತೋರಿಸಿದೆ. ಹತ್ತನೆಯ ದಿನ ಎಲೆಯಂಚುಗಳು ಕಂದಾದವು. ಇಸ್ತ್ರಿಪೆಟ್ಟಿಗೆ ತಾಗಿದ ಅಂಗಿಯ ಕಾಲರಿನಂತೆ. ಆ ದಿನ ಕರೆದು ತೋರಿಸಲಿಲ್ಲ.

ಗೋದಾಮಿನಲ್ಲಿ ಭಾರ ಎತ್ತುವ ಗಾಡಿ ಓಡಿಸುವ ಹಿರಿಯರೊಬ್ಬರಿದ್ದಾರೆ. ಅವರಿಗೆ ಎಲ್ಲ ವಿಷಯದಲ್ಲೂ ಅಭಿಪ್ರಾಯವಿದೆ. ಊಟದ ಹೊತ್ತಿನಲ್ಲಿ ಕೇಳಿದೆ.

“ದಿನಾ ತಿಂದೂ ಸೊರಗ್ತಾ ಇದೆಯಾ?”

“ಹೌದಣ್ಣ.”

“ಹಂಗಾದ್ರೆ ಸಾಕಾಗ್ತಿಲ್ಲ ಅಂತ ಅರ್ಥ. ಬೆಳೆಯೋ ವಯಸ್ಸು. ಜಾಸ್ತಿ ಹಾಕು.”

ಅವರಿಗೆ ಐದು ಜನ ಮಕ್ಕಳು, ಐವರೂ ಬಾಗಿಲಿನಲ್ಲಿ ಓರೆಯಾಗಿ ತೂರುವಂಥವರು. ಅನುಭವಸ್ಥರ ಮಾತು ತೆಗೆದುಹಾಕುವುದು ಹೇಗೆ? ಒಂದು ಚಮಚ ಎರಡಾಯಿತು. ಬಾಟಲಿ ಮುಗಿದಾಗ ಗಿಡದಂಗಡಿಯಿಂದ ಚೀಲವನ್ನೇ ತಂದೆ. ಜೊತೆಗೆ ನಂಚಿಕೊಳ್ಳಲು ಇರಲೆಂದು ಚಹಾದ ಚರಟ, ಮೊಟ್ಟೆಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ. ಬೆಳಿಗ್ಗೆ ಏಳಕ್ಕೆ ನಾನು ಚಹಾ ಸೋಸಿ ಚರಟವನ್ನು ಜೋಪಾನವಾಗಿ ಬಟ್ಟಲಿಗೆ ತೆಗೆದು ಹಿತ್ತಲಿಗೆ ಒಯ್ಯುವುದನ್ನು ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ಎರಡು ವರ್ಷದಲ್ಲಿ ನನಗೆ ಒಂದು ದಿನ ಚಹಾ ಮಾಡಿಕೊಟ್ಟಿದೀರಾ?”

“ನಿನ್ನ ಬಗ್ಗೆ ನಿಮ್ಮಪ್ಪ ಚೀಟಿ ಬರೆದುಕೊಟ್ಟಿಲ್ಲ.”

“ರೀ, ನಿಜ ಹೇಳಿ, ಆ ಚೀಟೀಲಿ ಏನಿದೆ? ಅತಿಯಾದ್ರೆ ಅಮೃತಾನೂ ವಿಷ ಅಂತಾರೆ. ಕೊಡಿ ಇಲ್ಲಿ, ನಾನೊಂದ್ಸಲ ನೋಡ್ತೀನಿ.”

“ನಾಡಿದ್ದಾಗಿ ಹತ್ತು ದಿನ ಆಯ್ತು,” ಎಂದೆ. “ಬಂದೆನಾ ನಿನ್ನ ಹತ್ರ?”

ಬಂದಿದ್ದರೆ ಇಬ್ಬರ ಪ್ರಾಣಕ್ಕೆ ಕುತ್ತು ಬರುತ್ತಿರಲಿಲ್ಲ.

ಹದಿನೆಂಟನೆಯ ದಿನ ಭಾನುವಾರ. ದೊಡ್ಡವನ ಮೈಮೇಲೆ ಹನ್ನೊಂದು ಎಲೆ, ಚಿಕ್ಕವನ ಮೇಲೆ ನಾಲ್ಕು. ಎಣಿಸುವ ಮಟ್ಟಕ್ಕೆ ಬಂದಿತ್ತು. ಮುಟ್ಟಿದರೆ ಹಪ್ಪಳದಂತೆ ಪುಡಿ. ಅಣ್ಣತಮ್ಮಂದಿರ ನಡುವೆ ಪಥ್ಯದವನು ಐದು ಕೆಂಪು ಹೂ ಬಿಟ್ಟುಕೊಂಡು, ಯಾರದೋ ಮನೆಯ ದುಃಖಕ್ಕೆ ಜರಿ ಅಂಚಿನ ಬಟ್ಟೆ ಉಟ್ಟು ಬಂದವನಂತೆ ಸಂಕೋಚದಿಂದ ನಿಂತಿದ್ದ. ನಾನು ಅವನ ಹೂಗಳನ್ನು ನೋಡುತ್ತ, ಮಾವನವರ ಪಥ್ಯದ ಮಹಿಮೆಯನ್ನು ಮನಸ್ಸಿನಲ್ಲೇ ಕೊಂಡಾಡುತ್ತಿದ್ದಾಗ, ಒಳಗಿನಿಂದ ಒಂದು ಸದ್ದು ಬಂತು. ಬಟ್ಟೆ ಒಗೆಯಲು ಕೂತ ಹೆಂಡತಿ ನಗುತ್ತಿದ್ದಳು. ಮೊದಲು ಸಣ್ಣಗೆ, ಆಮೇಲೆ ಗೋಡೆ ಹಿಡಿದುಕೊಂಡು.

ಅಂಗಿಯ ಜೇಬು. ಚೀಟಿ.

“ಒಂದು-ಸೊನ್ನೆ-ಒಂದು,” ಎಂದಳು, ಕಣ್ಣೊರೆಸಿಕೊಳ್ಳುತ್ತ. “ದೊಡ್ಡವನಿಗೆ ಒಂದು, ನಡುವಿನವನಿಗೆ ಸೊನ್ನೆ... ಅಯ್ಯೋ ನನ್ನ ಗಂಡನೇ!”

“ಮತ್ತೇನು?”

“ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ಸಂಜೆ ಒಂದು. ಮೂವರಿಗೂ. ಗುಣಿಸು ಮೂರು ಅಂದ್ರೆ ಮೂರು ದಿನ. ಬರೀ ಮೂರು ದಿನ ರೀ! ಆಮೇಲೆ ನೀರಷ್ಟೇ. ಅಪ್ಪ ಹುಟ್ಟಿದಾಗಿನಿಂದ ಬರೆದಿರೋದು ಹೀಗೇನೆ. ನನ್ನ ಶಾಲೆಗೆ ರಜಾ ಅರ್ಜಿ ಕೂಡ ಒಂದು-ಒಂದು-ಸೊನ್ನೆ ಅಂತಾನೇ ಬರೆದಿದ್ರು.”

ಅವಳು ನಗುತ್ತಲೇ ಹಿತ್ತಲಿಗೆ ಬಂದಳು. ಇಬ್ಬರನ್ನೂ ನೋಡಿದಳು. ನಗು ಅಲ್ಲೇ ಇಳಿದು ಹೋಯಿತು. ದೊಡ್ಡವನ ಕಡ್ಡಿಯ ಮೇಲೆ ಬೆರಳಾಡಿಸಿ, ಮೆಲ್ಲಗೆ, “ಅಪ್ಪನಿಗೆ ಹೇಗೆ ಹೇಳೋದು?” ಎಂದಳು. ಗಿಡದ ಬುಡಕ್ಕೆ ಹಾಕಿದ್ದೆಲ್ಲ ನನ್ನ ಬುಡಕ್ಕೇ ಬಂದಿತ್ತು.

ಈ ಲೋಕದಲ್ಲಿ ತಪ್ಪು ಮಾಡಿದವನಿಗೆ ಎರಡು ದಾರಿ. ಒಂದು ನಿಜ ಹೇಳುವುದು. ಇನ್ನೊಂದು ಗಿಡದಂಗಡಿಗೆ ಹೋಗುವುದು. ಏಕವಚನ ಇನ್ನೇನು ಮೂರು ದಿನದ ದೂರದಲ್ಲಿದೆ ಎಂದುಕೊಂಡಿದ್ದ ನಾನು ಎರಡನೆಯದನ್ನು ಆರಿಸಿದೆ.

ಅಂಗಡಿಯವನಿಗೆ ದೊಡ್ಡವನ ಒಂದು ಎಲೆಯನ್ನೂ ನಡುವಿನವನ ಒಂದು ಹೂವನ್ನೂ ತೋರಿಸಿ, “ಇದೇ ಬೇಕು,” ಎಂದೆ. ಅವನು ಎಲೆಯನ್ನು ಬೆಳಕಿಗೆ ಹಿಡಿದು, “ಇದು ಎಲೆ ಅಲ್ಲ ಸಾರ್, ಹೊಗೆಸೊಪ್ಪು,” ಎಂದ. ಹೂವನ್ನು ನೋಡಿ ಎರಡು ಗಿಡ ತಂದ. “ತಗೊಳಿ. ಬೇರೆ ಅಲ್ಲ ಸಾರ್, ಇವೆಲ್ಲ ಅಣ್ಣತಮ್ಮನ ಮಕ್ಕಳು. ಹೆತ್ತ ತಾಯಿಗೂ ಗುರುತು ಸಿಗಲ್ಲ.”

“ಹೆತ್ತ ತಾಯಿ ಅಲ್ಲ,” ಎಂದೆ. “ಕಾಂಪೌಂಡರ್.”

ಹೆಂಡತಿ ಮೊದಲಿಂದಲೂ ಬೇಡವೆಂದಳು. “ಅಪ್ಪನಿಗೆ ಗೊತ್ತಾಗುತ್ತೆ.”

“ಗುಲಾಬಿಗೇನು ಮುಖ ಇರುತ್ತಾ?”

“ಅಪ್ಪನಿಗೆ ಇರುತ್ತೆ. ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ. ನೀವುಂಟು, ನಿಮ್ಮ ಗಿಡ ಉಂಟು. ನಾನು ಏನೂ ನೋಡಿಲ್ಲ.”

ಹಳೆಯ ಕುಂಡಗಳಿಂದ ಇಬ್ಬರನ್ನೂ ಮಣ್ಣುಸಮೇತ ಕಿತ್ತು ಎರಡು ತೂತು ಬಕೆಟ್ಟುಗಳಿಗೆ ವರ್ಗಾಯಿಸಿ, ಮಹಡಿ ಮೇಲೆ ನೀರಿನ ಟ್ಯಾಂಕಿನ ಹಿಂದೆ ಬಚ್ಚಿಟ್ಟೆ. ಎಸೆಯಲು ಮನಸ್ಸು ಬರಲಿಲ್ಲ. (ಅಪರಾಧಿಗಳು ಸಿಕ್ಕಿಬೀಳುವುದು ಇಂಥ ಮೃದು ಹೃದಯದಿಂದಲೇ.) ಹೊಸಬರಿಬ್ಬರು ಹಳೆಯ ಕುಂಡಗಳಲ್ಲಿ ಅಧಿಕಾರ ವಹಿಸಿಕೊಂಡರು. ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿದೆ. ಗುರುತು ಸಿಗಲಿಲ್ಲ. ಎರಡೂ ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿತ್ತು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ನಿಲ್ದಾಣದಿಂದ ನೇರ ನಮ್ಮಲ್ಲಿಗೆ ಬಂದರು. ಅತ್ತೆಯವರು ಕಪ್ಪು ಕನ್ನಡಕ ತೆಗೆದು ಸುತ್ತ ನೋಡಿ, “ಈಗ ಎಲ್ಲಾ ಸ್ವಚ್ಛ ಕಾಣುತ್ತೆ ಕಣಮ್ಮ. ಗೋಡೆ ಮೇಲಿನ ಇರುವೆ ಕೂಡ,” ಎಂದರು. ಆ ಸುದ್ದಿ ನನಗೆ ಕೊಡಬೇಕಾದಷ್ಟು ಸಂತೋಷ ಕೊಡಲಿಲ್ಲ.

ಮಾವ ಚೀಲ ಇಟ್ಟವರೇ ಹಿತ್ತಲಿಗೆ ನಡೆದರು. ನಾವೆಲ್ಲ ಹಿಂದೆ. ಮೊದಲ ಕುಂಡದ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಮುಖ ಅರಳಿತು.

“ಏನೋ ಮಗ—”

‘ನೇ’ ಬಾಯಲ್ಲೇ ಉಳಿಯಿತು. ಮುಂದೆ ಬಾಗಿ ನೋಡಿದರು. ನಿಧಾನವಾಗಿ ಎದ್ದು ನಿಂತರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಆಮೇಲೆ ಆ ಗಿಡಕ್ಕೆ, ಅತ್ಯಂತ ಮರ್ಯಾದೆಯಿಂದ, “ತಮ್ಮ ಪರಿಚಯ ಆಗ್ಲಿಲ್ಲ,” ಎಂದರು.

ಹೆಂಡತಿ ಆಕಾಶ ನೋಡತೊಡಗಿದಳು.

ಮೂರನೆಯ ಕುಂಡದ ಮುಂದೂ ಅಷ್ಟೇ: “ತಾವು?” ಅಂಗಡಿಯ ಗಿಡಕ್ಕೆ ಬಹುವಚನ ಸಂದಾಯವಾದದ್ದನ್ನು ನಾನು ಕಣ್ಣಾರೆ ಕಂಡೆ. ಆ ಕ್ಷಣದಲ್ಲಿ, ಬೇಕಾದರೆ ನಂಬಿ, ನನಗೆ ಆ ಗಿಡದ ಮೇಲೆ ಒಂದು ಬಗೆಯ ಬಂಧುತ್ವ ಮೂಡಿತು.

ಕೊನೆಗೆ ನಡುವಿನವನ ಹತ್ತಿರ ಬಂದರು. “ನೀನಿದೀಯೇನೋ!” ಎಂದು ಎರಡೂ ಕೈಯಲ್ಲಿ ಕುಂಡ ಹಿಡಿದುಕೊಂಡರು. ಹಡಗು ಮುಳುಗಿದ ಮೇಲೆ ದಡಕ್ಕೆ ಬಂದ ಒಬ್ಬನೇ ಒಬ್ಬನನ್ನು ಹಿಡಿದುಕೊಂಡಂತೆ. ಹೂಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ತಿರುಗದೆಯೇ ಕೇಳಿದರು, “ಇವನಿಗೆ ತಾವು ಏನು ಕೊಟ್ರಿ?”

“ಏನೂ ಕೊಟ್ಟಿಲ್ಲ ಮಾವ.”

ಮೂರು ವಾರದಲ್ಲಿ ನಾನು ಅವರಿಗೆ ಹೇಳಿದ ಮೊದಲ ನಿಜ ಅದು.

ಮಾವ ತಿರುಗಿದರು. ಅವರ ಮುಖದಲ್ಲಿ ಕಿಟಕಿಯೂ ಇರಲಿಲ್ಲ, ಕಟಕಟೆಯೂ ಇರಲಿಲ್ಲ.

“ಎಲ್ಲೋ ಆ ಇಬ್ಬರು?”

‘ಎಲ್ಲೋ’ ಬಹಳ ಕಪಟಿ ಪದ. ‘ಎಲ್ಲೋ ಇಟ್ಟು ಮರೆತೆ’ ಅಂದರೆ ಅದರಲ್ಲಿ ಯಾರಿಗೂ ಯಾವ ವಚನವೂ ಇಲ್ಲ. ಅದೇ ‘ಎಲ್ಲೋ’ವನ್ನು ಒಬ್ಬನ ಮುಖ ನೋಡಿ ಅಂದರೆ ಶುದ್ಧ ಏಕವಚನ. ಹೆಂಡತಿಯ ಕಿವಿಯ ಹತ್ತಿರ ಬಗ್ಗಿದೆ.

“ಈಗ ಅಂದಿದ್ದು ನನಗಾ? ಅಥವಾ ಸುಮ್ಮನೆ ‘ಎಲ್ಲೋ’ ಅಂತಾನಾ?”

“ನಿಮಗೇ ರೀ. ಬಾಯಿ ಬಿಡಿ.”

“ಖಂಡಿತ ತಾನೆ?”

“ಏಯ್!” ಎಂದರು ಮಾವ. ನಮ್ಮ ಪಕ್ಕದ ಮನೆಯ ಬೆಕ್ಕು ಕಾಂಪೌಂಡಿನಿಂದ ಹಾರಿತು. “ಅವಳ ಹತ್ರ ಏನೋ ಪಿಸುಗುಟ್ತೀಯ? ನಿನ್ನನ್ನೇ ಕಣೋ ಕೇಳ್ತಿರೋದು, ದಡ್ಡ ಮುಂಡೇದೇ! ಎಲ್ಲೋ ನನ್ನ ಹುಡುಗರು?”

ಒಂದು ‘ನಿನ್ನನ್ನೇ’, ಒಂದು ‘ಕಣೋ’, ಒಂದು ‘ದಡ್ಡ ಮುಂಡೇದೇ’. ಎರಡು ವರ್ಷದ ಬಾಕಿ ಒಂದೇ ಉಸಿರಿನಲ್ಲಿ. ನನ್ನ ಕಣ್ಣು ಒದ್ದೆಯಾಯಿತು. “ಮಹಡಿ ಮೇಲಿದ್ದಾರೆ ಮಾವ!” ಎಂದೆ, ಬಹುಮಾನ ಬಂದವನ ದನಿಯಲ್ಲಿ.

“ನಿಂತ್ಕೊಂಡು ಹಲ್ಲು ಕಿರೀತೀಯಲ್ಲೋ! ಹೋಗೋ! ತಗೊಂಡು ಬಾರೋ!”

ಬಾರೋ! ಮೂರು ಮೆಟ್ಟಿಲಿಗೊಂದು ಹೆಜ್ಜೆಯಿಟ್ಟು ಹತ್ತಿದೆ. ಬಕೆಟ್ಟು ಒಂದೊಂದೂ ಗೋದಾಮಿನ ಪಂಪಿನಷ್ಟು ಭಾರ. ನನಗೆ ಗೊತ್ತೇ ಆಗಲಿಲ್ಲ. ಕೆಳಗೆ ತಂದಿಟ್ಟು, ಒಂದು-ಸೊನ್ನೆ-ಒಂದರ ಕಥೆಯನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದೆ. ಪಂಪು, ಪೆಟ್ಟಿಗೆ, ಎರಡು ಚಮಚ, ಮೊಟ್ಟೆಯ ಸಿಪ್ಪೆ, ಏನನ್ನೂ ಮುಚ್ಚಿಡಲಿಲ್ಲ. ಮಾವ ಹಣೆ ಹಿಡಿದುಕೊಂಡು ಕೇಳಿದರು.

“ಹದಿನೆಂಟು ದಿನ?”

“ಕೊನೆಯ ಎಂಟು ದಿನ ಎರಡೆರಡು.”

“ಹೊಟ್ಟೆ ತೊಳೀಬೇಕು,” ಎಂದರು ಮಾವ, ತೋಳು ಮಡಚಿಕೊಳ್ಳುತ್ತ. ಒಂದು ಕ್ಷಣ ಅದು ನನಗೆಂದು ತಿಳಿದೆ. “ಮಣ್ಣಲ್ಲಿರೋದೆಲ್ಲ ನೀರು ಹಾಕಿ ಹಾಕಿ ಕೆಳಗೆ ಇಳಿಸ್ಬೇಕು. ಬಕೆಟ್ ತಾರೋ! ಇಲ್ಲಿ ಹಿಡಿಯೋ. ಓರೆ ಮಾಡೋ. ಅಷ್ಟಲ್ಲವೋ, ಕೈಯಾ ಅದು ಸಲಾಕೆನಾ? ಇನ್ನೊಂದು ಬಕೆಟ್ ತಾ. ಕತ್ತರಿ ಎಲ್ಲೋ? ಬಗ್ಗೋ. ಇನ್ನೂ ಬಗ್ಗೋ!”

ಒಂದು ಗಂಟೆ ಹೀಗೆ ನಡೆಯಿತು. ಇಪ್ಪತ್ತೆರಡು ಬಕೆಟ್ ನೀರು ಹೊತ್ತೆ. ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಗೋದಾಮಿಗೆ ತಡವಾಗಿ ಅರ್ಧ ದಿನದ ರಜೆ ಹೋಯಿತು. ಚಹಾ ತಂದ ಹೆಂಡತಿ ನನ್ನನ್ನೇ ನೋಡುತ್ತ ನಿಂತಳು.

“ಈ ಪಾಟಿ ಬೈಸ್ಕೊಂಡು ಯಾರಾದ್ರೂ ನಗ್ತಾರೇನ್ರೀ?”

“ಎಣಿಸ್ತಾ ಇದ್ದೀನಿ, ಸುಮ್ನಿರು,” ಎಂದೆ. “ನಲವತ್ತೊಂದನೇ ಏಕವಚನ.”

ಒಣಗಿದ್ದನ್ನೆಲ್ಲ ಕತ್ತರಿಸಿದ ಮೇಲೆ ದೊಡ್ಡವನು ಒಂದು ಮೊಳದ ಕಡ್ಡಿಯಾದ, ಚಿಕ್ಕವನು ಒಂದು ಗೇಣಿನ ಕಡ್ಡಿಯಾದ. ಮಾವ ಉಗುರಿನಿಂದ ದೊಡ್ಡವನ ತೊಗಟೆ ಒಂದು ಎಳೆ ಕೆರೆದರು. ಒಳಗೆ ಹಸಿರು. ಚಿಕ್ಕವನದೂ ಕೆರೆದರು. ಬಹಳ ಹೊತ್ತು ನೋಡಿದರು. ಬುಡದ ಹತ್ತಿರ ತೊಗಟೆಯೊಡೆದು ಕೆಂಪಗೆ, ಬೆಂಕಿಕಡ್ಡಿಯ ತಲೆಯಷ್ಟೇ ದೊಡ್ಡದಾದ ಒಂದು ಮೊಳಕೆ.

“ಬದುಕ್ಕೊಳ್ತಾನೆ,” ಎಂದರು. ದನಿ ಸ್ವಲ್ಪ ಒಡೆದಿತ್ತು. “ಇಬ್ಬರೂ ಬದುಕ್ಕೊಳ್ತಾರೆ.”

ನಾನು ಕಡ್ಡಿಯನ್ನು ನೋಡಿದೆ, ಅವರ ಮುಖವನ್ನು ನೋಡಿದೆ. ಇಷ್ಟು ಹೊತ್ತಿನ ಸಂತೋಷಕ್ಕೆ ನನಗೇ ನಾಚಿಕೆಯಾಯಿತು. ಇನ್ನೊಂದು ಬಕೆಟ್ ತರಲು ಹೇಳದೆಯೇ ಹೊರಟೆ.

ಮರಳಿ ಬರುವಷ್ಟರಲ್ಲಿ ಮಾವ ಕೈ ತೊಳೆದು, ಮೆಟ್ಟಿಲ ಮೇಲೆ ಕೂತು, ಅಂಗಿಯ ತೋಳನ್ನು ಒಂದೊಂದೇ ಮಡಿಕೆ ಬಿಚ್ಚಿ ಇಳಿಸುತ್ತಿದ್ದರು. ಅತ್ತೆಯವರು ಪಕ್ಕದಲ್ಲಿ ನಿಂತು ಏನೋ ಹೇಳಿದ್ದರು ಅನ್ನಿಸುತ್ತದೆ. ಮಾವ ಎದ್ದು ನಿಂತರು. ಗಂಟಲು ಸರಿಪಡಿಸಿಕೊಂಡರು. ಆ ಸದ್ದು ಕೇಳಿದ ಕೂಡಲೇ ನನಗೆ ಅನುಮಾನ ಬಂತು.

“ಸಿಟ್ಟಿನಲ್ಲಿ ನಾನು ಮಾತು ಮೀರಿದೆ. ತಾವು ಮನಸ್ಸಿಗೆ ಹಚ್ಚಿಕೋಬಾರದು.”

“ಇಲ್ಲ ಮಾವ! ಹಚ್ಚಿಕೊಂಡಿಲ್ಲ! ಹಾಗೇ ಅನ್ನಿ, ನನಗೆ ಅದೇ ಚೆನ್ನಾಗಿದೆ.”

“ಛೆ ಛೆ. ತಾವು ದೊಡ್ಡ ಮನಸ್ಸಿನವರು. ಅಳಿಯಂದಿರನ್ನ ಹಾಗೆಲ್ಲ ಅನ್ನೋದುಂಟೇ?”

“ಒಂದೇ ಒಂದು ಸಲ—”

“ತಮ್ಮ ಪ್ಯಾಂಟು ಬೇರೆ ಹಾಳಾಯ್ತು,” ಎಂದು ಕೈಮುಗಿದರು. ಕಿಟಕಿ ಮುಚ್ಚಿತು.

ಈಗ ಎರಡು ತಿಂಗಳಾಗಿದೆ. ಮಾವನ ಮನೆಯ ಅಂಗಳದಲ್ಲಿ ಐವರು ಗುಲಾಬಿಗಳಿದ್ದಾರೆ. ಕಡ್ಡಿಯಾಗಿದ್ದ ಇಬ್ಬರಿಗೂ ಎಲೆ ಬಂದಿದೆ. ಅಂಗಡಿಯಿಂದ ಬಂದ ಆ ಇಬ್ಬರು ಹೊಸಬರನ್ನು ಹಿಂದಿರುಗಿಸಲು ನಾನು ಹೊರಟಾಗ ಮಾವ, “ಮನೆಗೆ ಬಂದವರನ್ನ ಕಳಿಸೋದು ಬೇಡ,” ಎಂದು ಉಳಿಸಿಕೊಂಡರು. ಆ ಹೊಸಬರಿಗೆ ‘ತಾವು’ ಹೋಗಿ ‘ನೀವು’ ಬರಲು ಒಂದು ವಾರ ಹಿಡಿಯಿತಂತೆ. ‘ನೀವು’ ಹೋಗಿ ‘ನೀನು’ ಬರಲು ಇನ್ನೊಂದು ವಾರ. ಹದಿನೈದು ದಿನ! ಹೆಂಡತಿ ಇದನ್ನು ನನಗೆ ಬಹಳ ಜೋಪಾನವಾಗಿ, ನೀರು ಕುಡಿಸಿ, ಕೂರಿಸಿ ಹೇಳಿದಳು.

ಕಳೆದ ಭಾನುವಾರ ಹೋಗಿದ್ದೆವು. ನಾನು ಅಂಗಳದಲ್ಲಿ ಕೈಕಟ್ಟಿ, ಯಾವುದನ್ನೂ ಮುಟ್ಟದೆ, ಗಿಡಗಳನ್ನು ನೋಡುತ್ತ ನಿಂತಿದ್ದೆ. ಹಿಂದಿನಿಂದ ಮಾವ ಬಂದರು. ಹೆಗಲ ಹತ್ತಿರ ಅವರ ಉಸಿರು ಕೇಳಿಸಿತು.

“ಏನೋ, ಸೊರಗಿದೀಯಲ್ಲೋ,” ಎಂದರು. ಆ ದನಿಯಲ್ಲಿ ಎಷ್ಟು ಮಮತೆ! “ಹೊಟ್ಟೆಗೆ ಸರಿಯಾಗಿ ಬೀಳ್ತಿಲ್ವೇನೋ ಮಗನೇ?”

ಕಟ್ಟಿದ್ದ ಕೈ ಬಿಚ್ಚಿದೆ. “ಬೀಳ್ತಾ ಇದೆ ಮಾವ,” ಎಂದೆ, “ಗೋದಾಮಿನಲ್ಲಿ ಈಚೆಗೆ ಸ್ವಲ್ಪ ಕೆಲಸ ಜಾಸ್ತಿ.”

ಮಾವ ನನ್ನ ಕಡೆ ತಿರುಗಿದರು. ನನ್ನನ್ನು ಈಗಷ್ಟೇ ಕಂಡವರಂತೆ ನೋಡಿದರು.

“ತಾವು ಸ್ವಲ್ಪ ಪಕ್ಕಕ್ಕೆ ಸರಿದ್ರೆ,” ಎಂದರು, “ಅವನಿಗೆ ಬಿಸಿಲು ಬೀಳುತ್ತೆ.”

ಸರಿದೆ.